ಕೆತ್ತನೆಯ ರಿವಾಲ್ವರ್‌ಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮ ಮಾವನವರು ಕಳೆದ ವರ್ಷ ತೀರಿಕೊಂಡರು. ಅವರ ಹೆಸರಿನಲ್ಲಿ ಲೈಸೆನ್ಸ್ ಇದ್ದ ಹಳೆಯ ರಿವಾಲ್ವರ್ ಮನೆಯ ಬೀರುವಿನಲ್ಲಿದೆ. ಅವರ ತಂದೆ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದಾಗ ಬಂದದ್ದಂತೆ. ನಳಿಗೆಯಿಂದ ಹಿಡಿಯವರೆಗೆ ಬಳ್ಳಿ, ಎಲೆಗಳ ಕೆತ್ತನೆ. ಒಂದು ಪಕ್ಕದಲ್ಲಿ ಗಂಡಭೇರುಂಡ. ಮೈಸೂರಿನ ಬಂದೂಕು ಅಂಗಡಿಯವರು ಹೇಳಿದ ಬೆಲೆಗೂ ನನ್ನ ಮೈದುನ ಅಮೆರಿಕದ ಹರಾಜಿನ ಪಟ್ಟಿಯಲ್ಲಿ ತೋರಿಸಿದ ಬೆಲೆಗೂ ಅಜಗಜಾಂತರ. ಯಾರನ್ನು ನಂಬಲಿ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬೆಲೆಯ ಮಾತು ಆಮೇಲೆ. ಆ ರಿವಾಲ್ವರ್ ಬೀರುವಿನಲ್ಲಿ ಇರಬಾರದು. ಲೈಸೆನ್ಸ್ ನಿಮ್ಮ ಮಾವನವರ ಜೊತೆಗೇ ಮುಗಿಯಿತು. ಅದು ಆಸ್ತಿಯಂತೆ ತಾನಾಗಿ ಮಕ್ಕಳಿಗೆ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ನೀವೇ ಚೀಲಕ್ಕೆ ಹಾಕಿಕೊಂಡು ಮೈಸೂರು ಬಸ್ ಹತ್ತಬೇಡಿ. ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ, ಸಾಗಿಸುವುದು ಹೇಗೆಂದು ಅವರನ್ನೇ ಕೇಳಿ. ಠೇವಣಿಯಲ್ಲಿದ್ದರೂ ಉತ್ತರಾಧಿಕಾರಿಗಳಿಗೆ ಅದನ್ನು ಅರ್ಹರಿಗೆ ಮಾರುವ ಹಕ್ಕು ಉಳಿಯುತ್ತದೆ. ಆದರೆ ಅದಕ್ಕೆ ಅವಧಿಯ ಮಿತಿಯಿದೆ, ವರ್ಷಗಟ್ಟಲೆ ಮರೆತರೆ ಸರ್ಕಾರದ ಪಾಲಾಗುತ್ತದೆ. ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳುವುದಾದರೆ ಅರ್ಜಿ ಹೋಗಬೇಕಾದದ್ದು ಮಂಡ್ಯದಲ್ಲಿ ಜಿಲ್ಲಾಧಿಕಾರಿಗೆ, ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ.

ಇನ್ನು ಬೆಲೆ. ಅಂಗಡಿಯವರೂ ನಿಮ್ಮ ಮೈದುನನೂ ಹೇಳುತ್ತಿರುವುದು ಎರಡು ಬೇರೆ ಸಂತೆಗಳ ದರ. ಅಮೆರಿಕದ ಹರಾಜಿನಲ್ಲಿ ಕೊಳ್ಳುವವನಿಗೆ ಬೇಕಾದದ್ದು ಕೆತ್ತನೆ, ಕೆತ್ತಿದ ಕೈ, ಅದರ ಇತಿಹಾಸ. ನಮ್ಮಲ್ಲಿ ಕೊಳ್ಳುವವನಿಗೆ ಬೇಕಾದದ್ದು ಸರಿಯಾಗಿ ಕೆಲಸ ಮಾಡುವ, ತನ್ನ ಲೈಸೆನ್ಸಿಗೆ ಹೊಂದುವ ಬೋರಿನ (ಅಂದರೆ ನಳಿಗೆಯ ಒಳ ಅಳತೆಯ), ವಿದೇಶಿ ಹೆಸರಿನ ರಿವಾಲ್ವರ್. 1980ರ ದಶಕದಲ್ಲಿ ಬಂದೂಕುಗಳ ಆಮದಿಗೆ ತಡೆ ಬಿದ್ದ ಮೇಲೆ ಇಲ್ಲಿ ಹಳೆಯ ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್‌ಗಳಿಗೆ ಬೇಡಿಕೆ ಏರಿತು. ಕೆತ್ತನೆಯೇ ಇಲ್ಲದ .32 ಬೋರಿನ ಒಂದು ಒಳ್ಳೆಯ ವೆಬ್ಲಿ, ಗುಂಡೇ ಸಿಗದ ಬೋರಿನ ಸುಂದರ ಕೆತ್ತನೆಯ ರಿವಾಲ್ವರನ್ನು ಇಲ್ಲಿ ಸುಲಭವಾಗಿ ಹಿಂದೆ ಹಾಕುತ್ತದೆ. ಮೇಲಾಗಿ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಇರುವ ಎರಡೇ ಜಾಗದಲ್ಲಿ ಒಂದನ್ನು ಅಂದಕ್ಕಾಗಿ ಬಿಟ್ಟುಕೊಡುವವರು ಎಷ್ಟು ಜನ? ಸಂಗ್ರಹಕಾರರ ಮಾರುಕಟ್ಟೆ ಇಲ್ಲಿ ಬೆಳೆಯದಿರುವುದಕ್ಕೆ ಇದೇ ದೊಡ್ಡ ಕಾರಣ. ಹೊರದೇಶಕ್ಕೆ ಕಳಿಸಿ ಮಾರುವ ಆಸೆಯನ್ನು ಬಿಡಿ: ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಮೈದುನನ ಪಟ್ಟಿ ಓದಲು ಚೆನ್ನ.

ಹಾಗೆಂದು ಕೆತ್ತನೆಗೆ ಬೆಲೆಯೇ ಇಲ್ಲವೆಂದಲ್ಲ. ಅದು ಕಾರ್ಖಾನೆಯದೋ ಆಮೇಲಿನದೋ ಎಂಬುದು ಗೊತ್ತಾಗಬೇಕು, ಅಷ್ಟೇ. ಠೇವಣಿ ಇಟ್ಟ ವ್ಯಾಪಾರಿಯ ಅಂಗಡಿಯಲ್ಲೇ, ಅವರು ಖಾಲಿ ಇದೆಯೆಂದು ತೆರೆದು ತೋರಿಸಿದ ಮೇಲೆ, ಒಳ್ಳೆಯ ಭೂತಗನ್ನಡಿ ಹಿಡಿದು ನೋಡಿ. ಕೈಯಿಂದ ಕೊರೆದ ಗೆರೆ ಸಣ್ಣದಾಗಿ ಶುರುವಾಗಿ, ತಿರುವಿನಲ್ಲಿ ಅಗಲವಾಗಿ, ಮತ್ತೆ ಸಣ್ಣಗಾಗುತ್ತದೆ, ತಳ ಹೊಳೆಯುತ್ತದೆ. ಅಚ್ಚೊತ್ತಿದ ಕೆತ್ತನೆಯ ಆಳ ಎಲ್ಲೆಡೆ ಒಂದೇ, ಒಂದು ಎಲೆಯಂತೆಯೇ ಇನ್ನೊಂದು ಎಲೆ. ಆಮ್ಲದಿಂದ ಕೊರೆಸಿದ್ದರ ತಳ ಮಟ್ಟಸವಾಗಿ, ತರಿತರಿಯಾಗಿ ಇರುತ್ತದೆ.

ಆಮೇಲೆ ಬಣ್ಣ. ಕಾರ್ಖಾನೆಯಲ್ಲಿ ಮೊದಲು ಕೆತ್ತನೆ, ನಂತರ ನೀಲಿ ಬಣ್ಣ ಅಥವಾ ನಿಕಲ್. ಆದ್ದರಿಂದ ಗೆರೆಗಳ ಒಳಗೂ ಅದೇ ಬಣ್ಣ ಇಳಿದಿರಬೇಕು. ಸುತ್ತ ಹಳೆಯ ನೀಲಿ, ಗೆರೆಯೊಳಗೆ ಮಾತ್ರ ಬಿಳಿ ಉಕ್ಕು ಕಂಡರೆ ಕೆತ್ತನೆ ಯಾವಾಗಲೋ ಆಮೇಲೆ ಆದದ್ದೆಂದು ಅನುಮಾನಿಸಬೇಕು. ತಯಾರಕರ ಹೆಸರು ಮತ್ತು ಕ್ರಮಸಂಖ್ಯೆಯ ಕಡೆಗೂ ನೋಡಿ. ಕಾರ್ಖಾನೆಯ ಕೆತ್ತನೆಗಾರ ಅಕ್ಷರಗಳಿಗೆ ಜಾಗ ಬಿಟ್ಟು ಬಳ್ಳಿಯನ್ನು ಬಳಸಿಕೊಂಡು ಹೋಗುತ್ತಾನೆ. ಆಮೇಲಿನವನ ಬಳ್ಳಿ ಅಕ್ಷರಗಳ ಮೇಲೆಯೇ ಹರಿದಿರುತ್ತದೆ.

ತುಂಬಾ ಕೆತ್ತನೆ ಇದ್ದರೆ ತುಂಬಾ ಬೆಲೆ ಎಂಬ ಲೆಕ್ಕ ತಪ್ಪು. ಬೆಲ್ಜಿಯಂನ ಲೀಜ್ ಮತ್ತು ಸ್ಪೇನಿನ ಐಬಾರ್‌ನಿಂದ ಬಳ್ಳಿ ತುಂಬಿದ ಅಗ್ಗದ ರಿವಾಲ್ವರ್‌ಗಳು ರಾಶಿರಾಶಿ ಬಂದವು. ಅವುಗಳನ್ನು ಪ್ರೂಫ್ ಮುದ್ರೆಯಿಂದ, ಅಂದರೆ ಬಂದೂಕಿನ ಬಲ ಪರೀಕ್ಷಿಸಿದ ಮೇಲೆ ಒತ್ತುವ ಗುರುತಿನಿಂದ, ಹಿಡಿಯಬಹುದು. ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಎಂಬ ಅಕ್ಷರಗಳಿದ್ದರೆ ಲೀಜ್. ಅದರ ಮೇಲೆ ಕಿರೀಟವೂ ಇದ್ದರೆ 1893ರ ನಂತರದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1904ರವರೆಗೆ ಅಡ್ಡಡ್ಡ ರಾಜದಂಡಗಳ ಮುದ್ರೆ, ಆಮೇಲೆ ಕಿರೀಟದಡಿ ಬಿಪಿ, ಬಿವಿ ಅಕ್ಷರಗಳು. ‘ವೆಬ್ಲಿ ಅಂಡ್ ಸ್ಕಾಟ್’ ಎಂದು ಜೋಡಿ ಹೆಸರಿದ್ದರೆ 1897ಕ್ಕಿಂತ ಹಳೆಯದಲ್ಲ. ಕೋಲ್ಟ್ ಅಥವಾ ಸ್ಮಿತ್ ಅಂಡ್ ವೆಸ್ಸನ್ ಆಗಿದ್ದರೆ ಒಂದು ಅನುಕೂಲವಿದೆ: ಕ್ರಮಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಹಳೆಯ ದಾಖಲೆಗಳಿಂದ ಪತ್ರ ತರಿಸಬಹುದು. ಯಾವಾಗ, ಯಾರಿಗೆ, ಯಾವ ಬಣ್ಣದಲ್ಲಿ ರವಾನೆಯಾಯಿತು ಎಂಬುದು ಅದರಲ್ಲಿ ಬರುತ್ತದೆ. ಕೆತ್ತನೆ ದಾಖಲಾಗಿದ್ದರೆ ಅದೂ ಇರುತ್ತದೆ. ಆ ಒಂದು ಹಾಳೆಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ಗಂಡಭೇರುಂಡದ ವಿಷಯದಲ್ಲಿ ಎಚ್ಚರವಿರಲಿ. ಅದು ಅರಮನೆಯ ಲಾಂಛನ ಮಾತ್ರವಾಗಿರಲಿಲ್ಲ, ಸಂಸ್ಥಾನ ಸರ್ಕಾರದ ಲಾಂಛನವೂ ಆಗಿತ್ತು. ಲಾಂಛನ ಕಂಡೊಡನೆ ‘ಮಹಾರಾಜರು ಕೊಟ್ಟದ್ದು’ ಎನ್ನುವವರು ಮೈಸೂರಿನಲ್ಲಿ ಕಡಿಮೆಯಿಲ್ಲ. ನನಗಂತೂ ಕೇಳಿ ಸಾಕಾಗಿದೆ. ಬಳ್ಳಿಯ ನಡುವೆ ಮೊದಲೇ ಜಾಗ ಬಿಟ್ಟು ಲಾಂಛನ ಕೂರಿಸಿದ್ದಾರೆಯೇ, ಬಳ್ಳಿಯನ್ನು ಕಡಿದು ಅದರ ಮೇಲೆ ಕೊರೆದಿದ್ದಾರೆಯೇ ನೋಡಿ. ಎರಡಕ್ಕೂ ಒಂದೇ ಕೈ ಎನಿಸಿದರೆ ಮನೆಯ ಕಾಗದಪತ್ರ ಹುಡುಕಲು ಕೂರಬಹುದು: ಸಂಸ್ಥಾನ ಕಾಲದ ಲೈಸೆನ್ಸ್, ಉಡುಗೊರೆಯ ಪತ್ರ, ಕಲ್ಕತ್ತದ ಮ್ಯಾಂಟನ್ ಅಥವಾ ರೊಡ್ಡಾ ಅಂಗಡಿಯ ಬಿಲ್ಲು, ಚೀಟಿ ಅಂಟಿಸಿದ ಮೂಲ ಪೆಟ್ಟಿಗೆ. ಅವುಗಳಲ್ಲಿ ಇದೇ ಕ್ರಮಸಂಖ್ಯೆ ಇದ್ದರೆ ಅಮಲ್ದಾರರ ಕಥೆಗೆ ಹಣ ಹುಟ್ಟುತ್ತದೆ. ಸಂಖ್ಯೆ ಇಲ್ಲದ ಕಥೆಗೆ ನಾನು ಬೆಲೆ ಕಟ್ಟುವುದಿಲ್ಲ.

ಕೊಳ್ಳುವ ಅಂಗಡಿಯವರ ಮಾತೊಂದನ್ನೇ ಬೆಲೆಯೆಂದು ತಿಳಿಯಬೇಡಿ. ಅದನ್ನು ಕೊಳ್ಳದ ಇನ್ನೊಬ್ಬ ವ್ಯಾಪಾರಿಯಿಂದ, ಬೋರು, ಕ್ರಮಸಂಖ್ಯೆ, ಯಂತ್ರದ ಸ್ಥಿತಿ, ಉಳಿದಿರುವ ಬಣ್ಣ ಎಲ್ಲವನ್ನೂ ಬರೆಸಿಕೊಂಡ ಅಂದಾಜುಪತ್ರ ಪಡೆಯಿರಿ. ಲೈಸೆನ್ಸ್ ಮನೆಯವರ ಹೆಸರಿಗೆ ಬಂದ ಮೇಲೆ ಇನ್ನೊಬ್ಬ ಲೈಸೆನ್ಸ್‌ದಾರರಿಗೆ ನೇರವಾಗಿ ಮಾರುವುದಾದರೆ, ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು.

ಪ್ರಶ್ನೆ: ಮಾರುವ ಮೊದಲು ರಿವಾಲ್ವರ್‌ಗೆ ಪಾಲಿಶ್ ಹಾಕಿಸಿ, ಕೆತ್ತನೆಗೆ ಚಿನ್ನದ ನೀರು ಕೊಡಿಸಿದರೆ ಹೆಚ್ಚು ಬೆಲೆ ಬರುತ್ತದೆಯೇ? ಅಶೋಕ ರಸ್ತೆಯ ಕಡೆ ಮಾಡಿಕೊಡುವವರಿದ್ದಾರೆ ಎಂದು ಸ್ನೇಹಿತರು ಹೇಳಿದರು.
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಪಾಲಿಶ್ ಚಕ್ರಕ್ಕೆ ಹಿಡಿದರೆ ಕೆತ್ತನೆಯ ಅಂಚು ಸವೆದು ದುಂಡಗಾಗುತ್ತದೆ, ಮುದ್ರೆಗಳು ಅಳಿಸಿಹೋಗುತ್ತವೆ. ಕ್ರಮಸಂಖ್ಯೆ ಮಸುಕಾದರೆ ನಷ್ಟ ಬೆಲೆಯಲ್ಲಿ ನಿಲ್ಲುವುದಿಲ್ಲ, ಪೊಲೀಸರಿಗೆ ಉತ್ತರ ಹೇಳುವ ಸರದಿ ನಿಮ್ಮದಾಗುತ್ತದೆ. ಚಿನ್ನದ ಅಂಗಡಿಗೆ ಬಂದೂಕನ್ನು ಬಿಟ್ಟು ಬರುವುದೇ ಅಪರಾಧ. ರಿಪೇರಿಗೂ ಬಣ್ಣಕ್ಕೂ ಪರವಾನಗಿ ಇರುವವರೇ ಬೇಕು. ಹಳೆಯ ವಸ್ತುವನ್ನು ಬಲ್ಲವರು ಅರ್ಧ ಉಳಿದ ಮೂಲ ನೀಲಿಗೆ ಕೊಡುವ ಬೆಲೆಯನ್ನು ಹೊಸ ಹೊಳಪಿಗೆ ಕೊಡುವುದಿಲ್ಲ. ತೆಳುವಾದ ಎಣ್ಣೆ, ಮೆತ್ತನೆಯ ಹತ್ತಿಬಟ್ಟೆ ಸಾಕು. ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ, ಮಳೆಗಾಲದ ತೇವ ಹೀರಿಕೊಂಡ ಚರ್ಮವೇ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ನಮ್ಮ ಲೈಸೆನ್ಸ್ ರಿವಾಲ್ವರ್‌ನ ಹಿಡಿ ಬಿಳಿಯದು, ದಂತದ್ದೆಂದು ಅಜ್ಜಿ ಹೇಳುತ್ತಿದ್ದರು. ಇದರಿಂದ ಬೆಲೆ ಏರುವುದಿಲ್ಲವೇ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಏರುವುದಿಲ್ಲ, ಮಾರಾಟವೇ ನಿಲ್ಲಬಹುದು. ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಿಗೆ ದಂತ ಕೂರಿಸಿದ ಊರು ಮೈಸೂರು. ಹಿಡಿಗೆ ದಂತ ಹಾಕಿಸುವುದು ಇಲ್ಲಿ ಕಷ್ಟದ ಕೆಲಸವಾಗಿರಲಿಲ್ಲ, ಅಜ್ಜಿಯ ಮಾತು ನಿಜವಿರಬಹುದು. ಹಿಡಿಯ ತುದಿಯ ಅಂಚಿನಲ್ಲಿ ಒಂದನ್ನೊಂದು ಕತ್ತರಿಸುವ ಬಾಗಿದ ನವುರು ಗೆರೆಗಳು ಕಂಡರೆ ದಂತ, ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಮೂಳೆ, ಏನೂ ಇಲ್ಲದಿದ್ದರೆ ಬಹುಶಃ ಸೆಲ್ಯುಲಾಯ್ಡ್. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಲು ಹೋಗಬೇಡಿ, ಸೆಲ್ಯುಲಾಯ್ಡ್ ಹೊತ್ತಿಕೊಳ್ಳುತ್ತದೆ. ದಂತವೇ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ: ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ವಾರಸುದಾರಿಕೆಯಲ್ಲಿ ಕೊಡಬಹುದೇ ಹೊರತು ಮಾರುವಂತಿಲ್ಲ. ಜಿಂಕೆ, ಕಡವೆಯ ಕೊಂಬಿನ ಹಿಡಿಯನ್ನೂ ಮಾರುವಂತಿಲ್ಲ. 2003ರಲ್ಲಿ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 180 ದಿನಗಳ ಅವಕಾಶ ಕೊಟ್ಟಿದ್ದರು. ಆಗ ಮನೆಯವರು ಅರ್ಜಿ ಹಾಕಿದ್ದರೇ ಎಂದು ಹಳೆಯ ಕಡತಗಳಲ್ಲಿ ಹುಡುಕಿ, ಸಿಕ್ಕ ಕಾಗದದೊಂದಿಗೆ ಬಂದೂಕು ಅಂಗಡಿಗೆ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ. ಹಿಡಿಯನ್ನು ನೀವೇ ಬಿಚ್ಚಿ ಬೇರೆಡೆ ಇಟ್ಟರೆ ರಿವಾಲ್ವರ್ ಹಗುರವಾಗುತ್ತದೆಯೇ ಹೊರತು ತೊಡಕು ಕಡಿಮೆಯಾಗುವುದಿಲ್ಲ.