ಕಪ್ಪು ಗ್ರಾನೈಟ್‌ನಲ್ಲಿ ಹರಳುಗಳೇಕೆ ಕಾಣುವುದಿಲ್ಲ?

ಅಡುಗೆಮನೆಗೆ ತಂದ ಚಾಮರಾಜನಗರದ ಕಪ್ಪು ಗ್ರಾನೈಟ್‌ನಲ್ಲಿ ಹರಳುಗಳೇ ಕಾಣುತ್ತಿಲ್ಲ, ಬಣ್ಣ ಹಾಕಿ ಮೋಸ ಮಾಡಿದ್ದಾರೆಯೇ ಎಂದು ಕೇಳಿದ್ದೀರಿ. ಹರಳು ಕಾಣದಿರುವುದು ಮೋಸಕ್ಕೆ ಸಾಕ್ಷಿಯಲ್ಲ. ಭೂವಿಜ್ಞಾನದ ಲೆಕ್ಕದಲ್ಲಿ ಆ ಕಲ್ಲು ಗ್ರಾನೈಟೇ ಅಲ್ಲ, ಡಾಲರೈಟ್. ಹೊಳಪು ಬರುವ ಗಟ್ಟಿ ಕಲ್ಲನ್ನೆಲ್ಲ ವ್ಯಾಪಾರದಲ್ಲಿ ಗ್ರಾನೈಟ್ ಎಂದೇ ಕರೆಯುತ್ತಾರೆ. ಹಳೆಯ ಬಂಡೆಯ ಬಿರುಕುಗಳಿಗೆ ಶಿಲಾರಸ ನುಗ್ಗಿ ಬೇಗ ತಣಿದದ್ದರಿಂದ ಹರಳುಗಳು ಬೆಳೆಯಲು ಸಮಯವೇ ಸಿಗಲಿಲ್ಲ. ಕಬ್ಬಿಣ, ಮೆಗ್ನೀಸಿಯಂ ತುಂಬಿದ ಖನಿಜಗಳಿಂದ ಆ ಕಪ್ಪು ಬಂದಿದೆ.

ನಿಜವಾದ ಗ್ರಾನೈಟ್ ನೋಡಲು ರಾಮನಗರದ ಬೆಟ್ಟಗಳಿಗೆ ಹೋಗಿ. ಊರಿನ ಹಳೆಯ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಬಹಳ ನಿಧಾನವಾಗಿ ತಣಿದ ಕಲ್ಲು ಅದು. ಒಡೆದ ಚೂರಿನ ಮೇಲೆ ನೀರು ಚಿಮುಕಿಸಿ ನೋಡಿ: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು, ನಡುವೆ ಗಾಜಿನಂಥ ಬೂದು ಬೆಣಚು, ಮಿನುಗುವ ಕಪ್ಪು ಕಾಗೆಬಂಗಾರ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಅನುಮಾನ ಇನ್ನೂ ಇದ್ದರೆ, ಧೂಳು ತೊಳೆದು ಒಣಗಿಸಿ, ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಒಂದು ಮೂಲೆಯನ್ನು ಉಜ್ಜಿ. ಹತ್ತಿ ಕಪ್ಪಾದರೆ ಬಣ್ಣ ಹಾಕಿದ್ದಾರೆ, ಕೂಡಿಸುವ ಮೊದಲೇ ವಾಪಸ್ ಕಳುಹಿಸಿ.