ಒಂದೇ ಕಡೆ ಮೇಯೋ ಕುರೀಲಿ ಕೆಲವಕ್ಕೇ ಯಾಕೆ ಹುಳ ಜಾಸ್ತಿ?

ಪ್ರಶ್ನೆ: ಡಾಕ್ಟ್ರೇ, ನಾವು ಬಳ್ಳಾರಿ ತಳಿ ಕುರಿ ಸಾಕಿದೀವಿ. ಎಲ್ಲಾ ಒಂದೇ ಕಡೆ ಮೇಯ್ತಾವೆ, ಆದ್ರೂ ಮಳೆಗಾಲದಲ್ಲಿ ಕೆಲವು ಮಾತ್ರ ಸೊರಗಿ ಗದ್ದದ ಕೆಳಗೆ ನೀರು ತುಂಬ್ಕೊಳ್ತಾವೆ. ಹಿಕ್ಕೆ ಟೆಸ್ಟ್ ಮಾಡಿಸಿದ್ರೆ ಗಟ್ಟಿಮುಟ್ಟಾಗಿರೋ ಕುರೀಲೂ ಜಂತುಹುಳದ ಮೊಟ್ಟೆ ಇದೆ ಅಂದ್ರು. ಎಲ್ಲಕ್ಕೂ ತಿಂಗಳಿಗೊಂದ್ಸಲ ಔಷಧಿ ಕುಡಿಸ್ಬೇಕಾ?
– ಒಬ್ಬ ಕುರಿಗಾರ, ಚಳ್ಳಕೆರೆ ತಾಲ್ಲೂಕು

ಉತ್ತರ: ಬೇಡ ಅಣ್ಣ, ದಯವಿಟ್ಟು ಹಂಗೆ ಮಾಡ್ಬೇಡಿ. ಮಳೆಗಾಲದಲ್ಲಿ ಗದ್ದ ಊದೋದಕ್ಕೆ ದೊಡ್ಡ ಕಾರಣ ಹೀಮಾಂಕಸ್ ಹುಳ, ಕುರಿಯ ನಾಲ್ಕನೇ ಹೊಟ್ಟೇಲಿ ಕೂತು ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತೆ, ಸಾವಿರ ಹುಳ ಇದ್ರೆ 50 ಮಿಲಿ ಹೋಯ್ತು. ಆದ್ರೆ ಎಷ್ಟು ಹುಳ ನಿಲ್ತಾವೆ, ಎಷ್ಟು ಮೊಟ್ಟೆ ಇಡ್ತಾವೆ ಅನ್ನೋದು ಕುರಿಯ ಇಮ್ಯುನಿಟಿ ಕೈಲಿದೆ. ಅದು ಚೆನ್ನಾಗಿದ್ರೆ ಹುಲ್ಲಿನ ಜೊತೆ ಒಳಗೆ ಹೋದ ಮರಿಹುಳ ಬಹಳಷ್ಟು ನೆಲೆನೇ ಊರಲ್ಲ, ಕೆಲವು ಬೆಳೀದೆ ಹಂಗೇ ಅಡಗಿ ಕೂರ್ತಾವೆ, ಬೆಳೆದ ಹೆಣ್ಣುಹುಳಾನೂ ಗಿಡ್ಡಾಗಿ ಕಮ್ಮಿ ಮೊಟ್ಟೆ ಇಡುತ್ತೆ. ಪೂರ್ತಿ ಖಾಲಿ ಮಾತ್ರ ಆಗಲ್ಲ. ನಿಮ್ಮ ಗಟ್ಟಿ ಕುರೀಲಿ ಮೊಟ್ಟೆ ಸಿಕ್ಕಿದ್ದು ಅದಕ್ಕೇ, ಗಾಬರಿ ಬೇಡ.

ಸಾಮಾನ್ಯವಾಗಿ ಹಿಂಡಿನ ನೂರಕ್ಕೆ 20–30 ಕುರಿಗಳಲ್ಲೇ ಹೆಚ್ಚುಕಮ್ಮಿ 80 ಪಾಲು ಹುಳ ಇರೋದು. ಅದ್ರಲ್ಲಿ ಮೊದ್ಲು ಬರೋದು ಮರಿಗಳು, ಯಾಕಂದ್ರೆ ಈ ಶಕ್ತಿ ತಿಂಗಳುಗಟ್ಟಲೆ ಮೇದು ಹುಳದ ಪರಿಚಯ ಆದ್ಮೇಲೇ ಬರುತ್ತೆ. ಆಮೇಲೆ ಮರಿ ಹಾಕಿದ ಕುರಿ. ಆ ಹೊತ್ತಲ್ಲಿ ತಾಯಿ ತಿಂದಿದ್ದೆಲ್ಲ ಹಾಲಿಗೆ ಹೋಗಿ ಇಮ್ಯುನಿಟಿ ಕುಸಿಯುತ್ತೆ, ಅಡಗಿ ಕೂತಿದ್ದ ಹುಳ ಬೆಳೆಯುತ್ತೆ, ಮೊಟ್ಟೆ ಒಮ್ಮೆಗೇ ಏರಿ ಹಿಕ್ಕೆ ಜೊತೆ ಹುಲ್ಲಿಗೆ ಬಿದ್ದು ಅಲ್ಲೇ ಮೇಯೋ ಎಳೇ ಮರಿಗಳ ಹೊಟ್ಟೆ ಸೇರುತ್ತೆ. ಹೀಗಾಗಿ ಮರಿ ಹಾಕೋ ಮುಂಚೆ, ಹಾಕಿದ್ಮೇಲೂ ತಾಯಿಗೆ ಸ್ವಲ್ಪ ಶೇಂಗಾ ಹಿಂಡಿ ಕೊಡಿ, ಎಣ್ಣೆ ಮಿಲ್ಲಿನ ಊರು ನಿಮ್ದು, ಹಿಂಡಿ ಹತ್ರದಲ್ಲೇ ಸಿಗುತ್ತೆ. ಪ್ರೋಟೀನ್ ಸಿಕ್ಕ ತಾಯಿ ಹುಳಾನ ಚೆನ್ನಾಗಿ ತಡ್ಕೊಳ್ಳುತ್ತೆ.

ಇನ್ನು ಔಷಧಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ನೋಡಿ, ಕೆಂಪಗಿದ್ರೆ ಬಿಡಿ, ಬಿಳಿಚಿದ್ರೆ ಕುಡಿಸಿ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೇ ಫಮಾಚಾ ಅಂತ 5 ಬಣ್ಣದ ಕಾರ್ಡ್ ಮಾಡಿದಾರೆ. ಎಲ್ಲಕ್ಕೂ ಪದೇಪದೇ ಕುಡಿಸಿದ್ರೆ ಔಷಧಿಗೆ ಬಗ್ಗದ ಹುಳ ಮಾತ್ರ ಉಳಿದು ಅವೇ ಸಂತಾನ ಬೆಳೆಸ್ತಾವೆ. ಆದ್ರೆ ಗದ್ದ ಊದಿರೋ ಕುರಿ ಇದ್ರೆ ಕಾಯ್ಬೇಡಿ, ಇವತ್ತೇ ಪಶು ಆಸ್ಪತ್ರೆಗೆ ತೋರಿಸಿ, ಡೋಸ್ ತೂಕಕ್ಕೆ ತಕ್ಕಂತೆ ಪೂರ್ತಿ ಕೊಡಿ. ಪದೇಪದೇ ಬಿಳಿಚೋ ಕುರಿಯ ಮರೀನ ಬೀಜದ ಟಗರು ಅಂತ ಇಟ್ಕೋಬೇಡಿ, ಹುಳ ತಡ್ಯೋ ತಾಕತ್ತು ವಂಶದಲ್ಲೂ ಬರುತ್ತೆ.