ಕೋಷ್ಟಕದೊಳಗೆ ಸಿಕ್ಕಿಬಿದ್ದ ಸಿಸ್ಟರ್

ಹಾಸನದ ಲೇಖಕಿಗೆ ನಮಸ್ಕಾರ.

‘ಥಲಸ್ಸೀಮಿಯಾ: ಮಕ್ಕಳ ವಾರ್ಡಿನ ನರ್ಸ್‌ಗಳ ತಿಳಿವಳಿಕೆ’ ಎಂಬ, ತಂದೆತಾಯಿಯಿಂದ ಮಕ್ಕಳಿಗೆ ಬರುವ ಈ ರಕ್ತಹೀನತೆಯ ಕಾಯಿಲೆ ಕುರಿತ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಎಂ.ಎಸ್ಸಿ. ನರ್ಸಿಂಗ್‌ಗೆ ಬರೆದ ಪ್ರಬಂಧದ ಕೋಷ್ಟಕಗಳನ್ನೇ ವಾಕ್ಯಗಳಾಗಿ ಬಿಡಿಸಿಟ್ಟಿದ್ದೀರಿ. ನರ್ಸ್‌ಗಳನ್ನು ‘ಉತ್ತಮ’, ‘ಸಾಧಾರಣ’, ‘ಕಳಪೆ’ ಎಂದು ವಿಂಗಡಿಸಿದ್ದೀರಿ, ಸರಿ. ಕಳಪೆ ಎನಿಸಿಕೊಂಡವರಿಗೆ ಗೊತ್ತಿಲ್ಲದ್ದು ಏನು, ಅದರಿಂದ ಮಗುವಿಗೆ ಆಗುವ ತೊಂದರೆ ಏನು? ಎಂಟು ಪುಟ ಓದಿದರೂ ಉತ್ತರ ಸಿಗಲಿಲ್ಲ.

ಉತ್ತರ ನಿಮಗೆ ಗೊತ್ತು. ಆರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ: ಸಕಲೇಶಪುರದ ಕಡೆಯಿಂದ ಮಗನಿಗೆ ರಕ್ತ ಹಾಕಿಸಲು ಬಂದ ತಾಯಿಗೆ ಒಬ್ಬ ಸಿಸ್ಟರ್, ‘ನುಗ್ಗೆಸೊಪ್ಪು ತಿನ್ನಿಸಿ, ಕಬ್ಬಿಣಾಂಶದ ಟಾನಿಕ್ ಕುಡಿಸಿ’ ಎಂದು ಹೇಳಿ ಕಳುಹಿಸಿದ್ದು. ಲೇಖನ ಇರುವುದೇ ಅಲ್ಲಿ. ರಕ್ತಹೀನತೆ ಎಂದ ಕೂಡಲೇ ಕಬ್ಬಿಣಾಂಶ ನೆನಪಾಗುವುದು ನಮ್ಮ ಆಸ್ಪತ್ರೆ, ಅಂಗನವಾಡಿಗಳಲ್ಲಿ ಬೇರೂರಿದ ಅಭ್ಯಾಸ. ಬಹಳಷ್ಟು ಮಕ್ಕಳಿಗೆ ಅದು ಸರಿಯೂ ಹೌದು. ಆದರೆ ಥಲಸ್ಸೀಮಿಯಾ ಇರುವ ಈ ಮಗುವಿನಲ್ಲಿ ಕೆಟ್ಟಿರುವುದು ಹಿಮೋಗ್ಲೋಬಿನ್‌ನ ಗ್ಲೋಬಿನ್ ಎಂಬ ಪ್ರೋಟೀನ್ ಭಾಗ, ಕಬ್ಬಿಣವಲ್ಲ. ಪದೇ ಪದೇ ಹಾಕಿಸುವ ರಕ್ತದ ಒಂದೊಂದು ಯೂನಿಟ್‌ನಲ್ಲೂ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಅದು ಹೃದಯ, ಯಕೃತ್ತು, ಹಾರ್ಮೋನು ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಅದನ್ನು ಇಳಿಸಲೆಂದೇ ವೈದ್ಯರು ಡೆಫೆರಾಸಿರಾಕ್ಸ್ ಬರೆದು, ಮೈಯಲ್ಲಿ ಸೇರಿದ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಪರೀಕ್ಷೆ ಮಾಡಿಸುತ್ತಿರುತ್ತಾರೆ. ಅದೇ ವಾರ್ಡಿನಿಂದ ಟಾನಿಕ್ಕಿನ ಸಲಹೆ! ತಟ್ಟೆಯ ಸೊಪ್ಪಿಗಿಂತ ಸೀಸೆಯ ಟಾನಿಕ್ ಹೆಚ್ಚು ಅಪಾಯವೆಂಬುದನ್ನೂ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಓದಿದ ತಾಯಂದಿರು ಮಗುವಿಗೆ ಊಟವನ್ನೇ ಹೆದರಿ ಹೆದರಿ ಬಡಿಸುತ್ತಾರೆ.

ರಕ್ತ ಕೊಡುವ ಭಾಗದಲ್ಲಿ ‘ಸಿಬ್ಬಂದಿ ಜಾಗರೂಕರಾಗಿರಬೇಕು’ ಎಂದಷ್ಟೇ ಇದೆ. ಓದುಗರಿಗೆ ಇದರಿಂದ ಏನು ಕಂಡೀತು? ಚೀಲದ ಮೇಲಿನ ಹೆಸರು, ಗುಂಪುಗಳನ್ನು ಇಬ್ಬರು ತಾಳೆ ನೋಡುವುದು, ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ಹಾಸಿಗೆಯ ಪಕ್ಕದಲ್ಲೇ ನಿಲ್ಲುವುದು, ಚಳಿ, ಜ್ವರ, ಬೆನ್ನುನೋವು ಕಂಡರೆ ಡಾಕ್ಟರನ್ನು ಕರೆಯುವ ಮೊದಲೇ ರಕ್ತ ನಿಲ್ಲಿಸುವುದು, ಇವೆಲ್ಲ ನಿಮ್ಮ ಕೈಗೆ ಬಂದ ಕೆಲಸ. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇದ್ದಾಗ ಆ 15 ನಿಮಿಷವನ್ನು ಎಲ್ಲಿಂದ ತರುವುದು ಎಂಬುದನ್ನೂ ಬರೆಯಿರಿ. ಗೊತ್ತಿಲ್ಲದ್ದಕ್ಕೂ ಬಿಡುವಿಲ್ಲದ್ದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಪ್ರಶ್ನಾವಳಿ ಕೇಳಿಯೇ ಇಲ್ಲ. ಸ್ವತಃ ನರ್ಸ್ ಆಗಿರುವ ನೀವು ಇದನ್ನು ಬಿಟ್ಟದ್ದು ನನಗೆ ಸೋಜಿಗ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ‘ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ’ ಎಂದಿದ್ದೀರಿ. ವಾಹಕರೆಂದರೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರು ಎಂಬುದನ್ನೂ ಹೇಳಿಲ್ಲ. ಶೇ 25ರ ಸಂಭವ ಪ್ರತಿಯೊಂದು ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗುವಿಗೆ ಬಂದಾಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವ ದಂಪತಿ ಇದ್ದೇ ಇರುತ್ತಾರೆ. ರಕ್ತಸಂಬಂಧದ ಮದುವೆಯನ್ನು ಎರಡು ಪುಟ ಬೈದಿದ್ದೀರಿ. ವಾಹಕರನ್ನು ಪತ್ತೆಹಚ್ಚುವ ಎಚ್‌ಬಿಎ2 ಪರೀಕ್ಷೆಯ ಬಗ್ಗೆ ಒಂದು ಸಾಲೂ ಇಲ್ಲ.

ಎಂಟು ಪುಟವನ್ನು ಮೂರಕ್ಕೆ ಇಳಿಸಿ. ಆ ತಾಯಿಯಿಂದ ಶುರುಮಾಡಿ, ಗುರುತು ಸಿಗದಂತೆ ಊರು ಬದಲಿಸಿ. ಮಾರ್ಗದರ್ಶಕರಿಗೆ ಕೃತಜ್ಞತೆ ಪ್ರಬಂಧದಲ್ಲೇ ಇರಲಿ. ಮೇ 8 ವಿಶ್ವ ಥಲಸ್ಸೀಮಿಯಾ ದಿನ. ಏಪ್ರಿಲ್ ಮೊದಲ ವಾರದೊಳಗೆ ಕಳುಹಿಸಿದರೆ ಆ ಸಂಚಿಕೆಗೆ ಪರಿಶೀಲಿಸುತ್ತೇನೆ.

ಸಂಪಾದಕ